ಕೂಗಳತೆಯ ಸುಳ್ಳು

"ದೊಡ್ಡ ನಿಜವೊಂದಕ್ಕೆ ಆಸರೆಯಾಗುವುದಾದರೆ, ಚೀಟಿಯ ಮೇಲೆ ಒಂದು ಸಣ್ಣ ಸುಳ್ಳು ಬರೆದರೆ ಏನು ಕೆಟ್ಟೀತು, ಗುರುಗಳೇ?" ಎಂದು ಶಿಷ್ಯ ಕೇಳಿದ. ನೆಲದಲ್ಲಿ ಸಿಕ್ಕ ಹಳೆಯ ಲೋಹದ ಚೂರುಗಳನ್ನು ಗುರುತಿಸಿ, ಯಾವುದು ಎಲ್ಲಿ ಸಿಕ್ಕಿತೆಂದು ಬರೆದಿಡುವ ವಿದ್ಯೆಯನ್ನು ಅವನು ಆ ಗುರುಗಳ ಬಳಿ ಕಲಿಯುತ್ತಿದ್ದ. ಗುರುಗಳು ಅವನನ್ನು ಒಮ್ಮೆ ನೋಡಿ, ಈ ಕತೆ ಹೇಳಿದರು.

ಒಂದೂರಿನಲ್ಲಿ ನಿನ್ನ ಹಾಗೆಯೇ ಒಬ್ಬ ಪರೀಕ್ಷಕನಿದ್ದ. ಬುದ್ಧಿವಂತ. ಬುದ್ಧಿವಂತರಿಗೆ ಬರುವ ರೋಗ ಅವನಿಗೂ ಬಂದಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಊರಾಚೆಯ ಕೆಂಪು ದಿಬ್ಬದ ಮೇಲೆ, ಎರಡು ಸಾವಿರ ವರ್ಷದ ಹಿಂದೆ, ರೋಮಿನ ವರ್ತಕರು ಮನೆ ಮಾಡಿಕೊಂಡು ಬಾಳಿದ್ದರು ಎಂಬುದು ಅವನ ವಾದ. ಅಲ್ಲಿ ರೋಮಿನ ನಾಣ್ಯವೇನೋ ಸಿಕ್ಕಿತ್ತು. ಆದರೆ ಉಳಿದ ಪಂಡಿತರು ಮೂಗು ಮುರಿದರು. ನಾಣ್ಯ ಕೈಯಿಂದ ಕೈಗೆ ದಾಟಿ ಎಲ್ಲಿಗಾದರೂ ಬರುತ್ತದೆ, ಮನುಷ್ಯ ಬಂದಿದ್ದನೆಂದು ಅದು ಹೇಳೀತೇ ಎಂದರು. ಪರೀಕ್ಷಕನ ತಲೆ ನರೆಯಿತು, ವಾದ ಮಾತ್ರ ಇದ್ದಲ್ಲೇ ಇತ್ತು. ಸಾಯುವುದರೊಳಗೆ ಅವರ ಬಾಯಿ ಮುಚ್ಚಿಸಬೇಕು ಎಂಬುದೊಂದೇ ಅವನಿಗೆ ಉಳಿದಿದ್ದ ಆಸೆ.

ಒಂದು ದಿನ ಇಟ್ಟಿಗೆ ಸುಡುವವನೊಬ್ಬ ಪಂಚೆಯ ಗಂಟು ಬಿಚ್ಚಿ, ಹಸಿರುಗಟ್ಟಿದ ಕಂಚಿನ ವಸ್ತುವೊಂದನ್ನು ಅವನ ಮುಂದಿಟ್ಟ. ಬಿಲ್ಲಿನಂತೆ ಬಾಗಿದ ಬೆನ್ನು, ಕೆಳಗೆ ಸೂಜಿ, ಸೂಜಿಯ ಬುಡದಲ್ಲಿ ಸುರುಳಿ. ಪರೀಕ್ಷಕ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ರೋಮಿನವರು ಹೊದ್ದ ಬಟ್ಟೆ ಜಾರದಂತೆ ಹೆಗಲ ಮೇಲೆ ಚುಚ್ಚಿಕೊಳ್ಳುತ್ತಿದ್ದ ಪಿನ್ನು ಅದು. ನಮ್ಮವರ ಉಡಿಗೆಗೆ ಅದು ಬೇಡ, ಇಲ್ಲಿ ಅದನ್ನು ಕೊಳ್ಳುವವರೂ ಇಲ್ಲ. ಬಂದಿದ್ದರೆ ತೊಟ್ಟವನ ಹೆಗಲ ಮೇಲೇ ಬಂದಿರಬೇಕು. ಮುದುಕ ಸಂತೋಷ ತಡೆಯಲಾರದೆ ಅತ್ತೇಬಿಟ್ಟ.

ಎಲ್ಲಿ ಸಿಕ್ಕಿತೆಂದು ಕೇಳಿದ. ದಿಬ್ಬದಲ್ಲಲ್ಲ, ಅದರ ಕೆಳಗೆ ಬತ್ತಿದ ಹಳೇ ಕೆರೆಯ ಅಂಗಳದಲ್ಲಿ, ಇಟ್ಟಿಗೆಗೆ ಮಣ್ಣು ಎತ್ತುವಾಗ ಎಂದ ಆತ. ಮುದುಕನ ಮುಖ ಸಣ್ಣಗಾಯಿತು. ಅವನ ವಾದದಲ್ಲಿ ಕೆರೆಯ ಸುದ್ದಿಯೇ ಇರಲಿಲ್ಲ. ನೀರಿನಲ್ಲಿ ಎಲ್ಲಿಂದಲೋ ಕೊಚ್ಚಿಕೊಂಡು ಬಂದದ್ದು ಎಂದು ಪಂಡಿತರು ಮತ್ತೆ ನಕ್ಕಾರು. ದಿಬ್ಬಕ್ಕೂ ಕೆರೆಗೂ ಒಂದು ಕೂಗಳತೆ, ಕೂಗಳತೆಯ ಸುಳ್ಳೂ ಒಂದು ಸುಳ್ಳೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಚೀಟಿಯಲ್ಲಿ 'ದಿಬ್ಬ' ಎಂದು ಬರೆದ. ಕೇಳಿದವರಿಗೆ ನೀನೂ ಹಾಗೇ ಹೇಳು ಎಂದು ಇಟ್ಟಿಗೆಯವನಿಗೆ ಹೇಳಿಕೊಟ್ಟ.

"ಹಾಗೇ ಆಗಲಿ ಸ್ವಾಮಿ. ಹಾಗಾದರೆ ಕೆರೆಯ ಮಣ್ಣು ಎತ್ತಬಹುದಲ್ಲ? ನೀವು ಬೇಡ ಅನ್ನುತ್ತೀರೇನೋ ಅಂತ ಗುದ್ದಲಿ ನಿಲ್ಲಿಸಿ ಬಂದಿದ್ದೇನೆ."

ಬೇಡ ಎಂದರೆ, ಯಾಕೆ ಬೇಡ ಎಂದು ನಾಳೆ ಊರೇ ಕೇಳುತ್ತದೆ. ಹೀಗೆ ಲೆಕ್ಕ ಹಾಕಿ ಮುದುಕ ಚೀಟಿಯನ್ನು ಮಡಿಚಿಟ್ಟ.

"ಎತ್ತಪ್ಪ. ಅಲ್ಲೇನಿದೆ?" ಎಂದ.

ಸುದ್ದಿ ಕೇಳಿ ಪಂಡಿತರು ಬಂದರು. ಬೇಸಿಗೆಯೆಲ್ಲ ದಿಬ್ಬ ಅಗೆದರು. ನಮ್ಮ ಕಡೆಯ ಮಡಕೆಯ ಚೂರುಗಳಲ್ಲದೆ ಬೇರೇನೂ ಸಿಗಲಿಲ್ಲ. ಅವರಲ್ಲೊಬ್ಬ ಪಿನ್ನಿನ ಸುರುಳಿಯೊಳಗೆ ಮೆತ್ತಿದ್ದ ಮಣ್ಣನ್ನು ಕೆದಕಿ ನೋಡಿದ. ದಿಬ್ಬದ ಮಣ್ಣು ಕೆಂಪು, ಇದು ಕಪ್ಪು. ಗೆಲ್ಲುವ ಹಟಕ್ಕೆ ಮುದುಕ ಎಲ್ಲಿಂದಲೋ ಕೊಂಡು ತಂದ ಮಾಲು ಎಂದು ತೀರ್ಮಾನಿಸಿದರು. ಆಗ ಅವನು ಮಾನ ಬಿಟ್ಟು ಇದ್ದದ್ದನ್ನು ಹೇಳಿದ. ನಿನ್ನೆ ದಿಬ್ಬ, ಇವತ್ತು ಕೆರೆ, ನಾಳೆ ಯಾವ ಬಾವಿ ಎಂದು ಕೇಳಿ, ಅವರು ಗಂಟುಮೂಟೆ ಕಟ್ಟಿ ಹೊರಟುಹೋದರು.

ಮುದುಕ ಕೆರೆಗೆ ಓಡಿದ. ಬಂಡೆ ಕಾಣುವವರೆಗೂ ಮಣ್ಣು ಎತ್ತಿಯಾಗಿತ್ತು. ದಡದ ಮೇಲೆ ಇಟ್ಟಿಗೆಯ ಗೂಡು ಉರಿಯುತ್ತಿತ್ತು. ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ ಏನಾದರೂ ಸಿಕ್ಕಿತ್ತೇ ಎಂದು ಇಟ್ಟಿಗೆಯವನನ್ನು ಕೇಳಿದ.

"ಸಿಕ್ಕಿತ್ತು ಸ್ವಾಮಿ. ಒಬ್ಬ ಮನುಷ್ಯನ ಮೂಳೆ, ಅವನ ಹೆಗಲ ಹತ್ತಿರ ಅಂಥದೇ ಇನ್ನೊಂದು ಪಿನ್ನು. ಅಲ್ಲೇನಿದೆ ಅಂತ ನೀವೇ ಅಂದಿದ್ದಿರಲ್ಲ. ಯಾರ ಮನೆಯ ಜೀವವೋ ಪಾಪ ಅಂತ ಮೂಳೆಯನ್ನು ಹೊಳೆಗೆ ಬಿಟ್ಟು ಬಂದೆ. ಪಿನ್ನನ್ನು ಗುಜರಿಯವನಿಗೆ ಹಾಕಿದೆ."

ಮುದುಕ ಸತ್ತ ಮೇಲೆ ಮೊದಲಿನ ಪಿನ್ನನ್ನೂ ಯಾವುದೋ ಡಬ್ಬಿಗೆ ಹಾಕಿ, ನಂಬತಕ್ಕದ್ದಲ್ಲ ಎಂದು ಬರೆದಿಟ್ಟರು.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೆ ಗುರುಗಳೇ, ರೋಮಿನವರು ಬಂದಿದ್ದರೆಂಬ ಅವನ ವಾದ ನಿಜವೇ ಆಗಿತ್ತಲ್ಲ?"

"ನಿಜವೇ ಆಗಿತ್ತು," ಎಂದರು ಗುರುಗಳು, "ಆದರೆ ಅದು ಸುಳ್ಳಿನ ಆಸರೆಯಿಲ್ಲದೆ ನಿಂತೀತೆಂದು ನಂಬದೆ ಹೋದವನು ಅವನೇ."