ಮೂರು ಬಡಿತ

"ಮೂಳೆ ಏನು ತಪ್ಪು ಮಾಡಿತ್ತು ಗುರುಗಳೇ?" ಎಂದು ಫಕೀರಪ್ಪ ಕೇಳಿದ.

ಅವನ ಅಕ್ಕ ದೇವಕ್ಕನಿಗೆ ಮೂರು ವರ್ಷದ ಹಿಂದೆ ಎದೆಯಲ್ಲಿ ಕ್ಯಾನ್ಸರ್ ಗಡ್ಡೆಯಾಗಿತ್ತು. ತೆಗೆಸಿದ್ದರು. ಪೀಡೆ ತೊಲಗಿತು ಎಂದುಕೊಂಡಿದ್ದರು. ಅದು ಸದ್ದಿಲ್ಲದೆ ಬೆನ್ನುಮೂಳೆಗೆ ಬಂದು ಕೂತಿತ್ತು. ಹೋದ ವಾರ ಒಂದು ತಂಬಿಗೆ ನೀರು ಎತ್ತಲು ಬಗ್ಗಿದವಳು ಮೇಲೇಳಲಿಲ್ಲ. ಮೂಳೆ ಕುಸಿದಿತ್ತು. ತಾಯಿ ಸತ್ತ ಮೇಲೆ ಫಕೀರಪ್ಪನನ್ನು ಎತ್ತಿ ಆಡಿಸಿದವಳು ಅವಳು. ಈಗ ಅವಳು ಮಗ್ಗುಲಾಗಲು ಇಬ್ಬರು ಬೇಕು.

"ಆರು ತಿಂಗಳ ಹಿಂದೆ ಅದು ಮೂಳೆಗೆ ಬಂದದ್ದು ಗೊತ್ತಾದಾಗಲೇ ಡಾಕ್ಟರು ಹೇಳಿದ್ದರು, ಮೂಳೆ ಸವೆಯದಂತೆ ಮೂಳೆಗೆಂದೇ ಒಂದು ಸೂಜಿ ಹಾಕೋಣ ಅಂತ. ನಾನೇ ಬೇಡ ಅಂದೆ. ಮೂಳೆ ನಮ್ಮದು, ಅದರದೇನು ತಪ್ಪು, ಔಷಧ ಕೊಡುವುದಾದರೆ ಗಡ್ಡೆಗೆ ಕೊಡಿ ಅಂದೆ. ಕೊಟ್ಟರು. ಆದರೂ ಆ ಹಾಳು ಗಡ್ಡೆ ಮೂಳೆಯನ್ನು ತಿಂದುಹಾಕಿತು."

"ಗಡ್ಡೆಗೆ ಹಲ್ಲಿದೆ ಅಂತ ನಿನಗೆ ಯಾರಪ್ಪ ಹೇಳಿದ್ದು?" ಎಂದರು ಗುರುಗಳು. "ಮೂಳೆಯೊಳಗೇ ಕೆಡವುವವರೂ ಇದ್ದಾರೆ, ಕಟ್ಟುವವರೂ ಇದ್ದಾರೆ. ಹಳೆಯದನ್ನು ಕೆಡವುತ್ತ, ಹೊಸದನ್ನು ಕಟ್ಟುತ್ತ ಇದ್ದರೇನೇ ಮೂಳೆ ಗಟ್ಟಿ. ಕೇಳು."

ಒಂದು ಊರು. ಹಳ್ಳದ ನೀರು ನುಗ್ಗದಂತೆ ಊರಿಗೆ ಮಣ್ಣಿನ ಗೋಡೆ. ಮಣ್ಣಿನ ಗೋಡೆ ಅಂದ ಮೇಲೆ ಸವಳು ಹತ್ತುತ್ತದೆ, ಒಳಗೊಳಗೇ ಪುಡಿಯಾಗುತ್ತದೆ. ಅದನ್ನು ನೋಡಿಕೊಳ್ಳಲು ಇಬ್ಬರಿದ್ದರು. ಒಬ್ಬ ಕಟ್ಟುವವನು. ಇನ್ನೊಬ್ಬ ಅಗೆಯುವವನು, ಕಟ್ಟುವವನ ಹೆಂಡತಿಯ ತಮ್ಮ. ಕಟ್ಟುವವನು ಮಣ್ಣು ಬಡಿಯುವ ದಿಮ್ಮಸೆ ಹಿಡಿದು ಗೋಡೆಯುದ್ದಕ್ಕೂ ನಡೆಯುವನು. ಟೊಳ್ಳು ಸದ್ದು ಬಂದ ಕಡೆ ಮೂರು ಸಲ ಬಡಿಯುವನು. ಮೈದುನ ಅಲ್ಲಿ ಅಗೆಯುವನು. ಆಮೇಲೆ ಕಟ್ಟುವವನು ಆ ಗುಂಡಿಗೆ ಹೊಸ ಮಣ್ಣು ತುಂಬುವನು. ಮೂರು ಬಡಿತ ಬಿದ್ದರೆ ಅಗೆಯಬೇಕು. ಯಾಕೆಂದು ಕೇಳಬಾರದು, ಬಡಿದವರು ಯಾರೆಂದು ತಿರುಗಿ ನೋಡಬಾರದು. ಅದು ಅವರ ಮನೆತನದ ರೂಢಿ.

ಆ ಊರಿಗೆ ಒಬ್ಬ ಕುಂಬಳದವನು ಬಂದ. ಬೇರೆ ಕಡೆಯಿಂದ ಹೊರಹಾಕಿಸಿಕೊಂಡು ಬಂದವನು. ಗೋಡೆಯ ಬುಡದಲ್ಲಿ ಒಂದು ಕುಂಬಳದ ಬಳ್ಳಿ ಹಾಕಿಕೊಳ್ಳಲು ಜಾಗ ಕೇಳಿದ. ಒಂದು ಬಳ್ಳಿ ತಾನೇ, ಹಾಕಿಕೋ ಎಂದರು. ಹಳೆಯ ಗೋಡೆಯ ಮಣ್ಣು ಎಂಥ ಗೊಬ್ಬರ ಅನ್ನುವುದು ಅವನಿಗೆ ಗೊತ್ತಿತ್ತು.

"ಯಜಮಾನರೇ, ಇಲ್ಲೊಂಚೂರು ಟೊಳ್ಳು ಇದ್ದ ಹಾಗಿದೆ ನೋಡಿ" ಎಂದ ಒಂದು ದಿನ.

ತನ್ನ ಗೋಡೆ ಟೊಳ್ಳು ಅನ್ನಿಸಿಕೊಳ್ಳುವುದೇ? ಕಟ್ಟುವವನಿಗೆ ಚುರ್ರೆಂದಿತು. ಮೂರು ಸಲ ಬಡಿದ. ಮೈದುನ ಅಗೆದ. ಹಳೆಯ ಮಣ್ಣು ಬಳ್ಳಿಯ ಬುಡಕ್ಕೆ ಬಿತ್ತು. ಬಳ್ಳಿ ಮಾರುದ್ದ ಹಬ್ಬಿತು. ಹಬ್ಬಿದ ಕಡೆಯೆಲ್ಲ ಕುಂಬಳದವನಿಗೆ ಟೊಳ್ಳು ಕೇಳಿಸತೊಡಗಿತು. ಬಡಿದು ಬಡಿದು ಕಟ್ಟುವವನಿಗೆ ಕಟ್ಟಲು ಪುರಸೊತ್ತೇ ಇಲ್ಲ. ಅಗೆದ ಗುಂಡಿಗಳು ಹಾಗೇ ಬಾಯಿ ಬಿಟ್ಟುಕೊಂಡು ಉಳಿದವು. ಹಸಿರೆಲೆ ಮುಚ್ಚಿದ್ದರಿಂದ ಊರವರಿಗೆ ಕಾಣಲಿಲ್ಲ.

ಆಮೇಲಾಮೇಲೆ ಕುಂಬಳದವನು ಕಟ್ಟುವವನನ್ನು ಕೇಳುವುದನ್ನೂ ಬಿಟ್ಟ. ತಾನೇ ಒಂದು ಕೋಲು ತಗೊಂಡು ಮೂರು ಸಲ ಬಡಿದ. ಮೈದುನ ತಿರುಗಿ ನೋಡದೆ ಅಗೆದ.

ಅದನ್ನು ಕಂಡವಳು ಕಟ್ಟುವವನ ಹೆಂಡತಿ. ಅವರ ಮನೆ ಊರಗೋಡೆಗೆ ಅಂಟಿಕೊಂಡೇ ಇತ್ತು. ಓಡಿಬಂದು ಗಂಡನಿಗೆ ಹೇಳಿದಳು, "ನಿಮಗೆ ಕೈ ಮುಗೀತೀನಿ, ಮೊದಲು ನನ್ನ ತಮ್ಮನ ಗುದ್ದಲಿ ಕಸಿದಿಡಿ. ಬಳ್ಳಿ ಆಮೇಲೆ ನೋಡೋಣ."

"ಮೈದುನನದೇನು ತಪ್ಪೇ?" ಎಂದು ಅವನು ಸಿಡುಕಿದ. "ಬಡಿತ ಬಿತ್ತು, ಅಗೆದ. ರೂಢಿ ಬಿಡು ಅಂತ ನಮ್ಮವನಿಗೇ ಹೇಳಲಾ? ಕಳ್ಳ ಆ ಕುಂಬಳದವನು."

ಕುಡುಗೋಲು ಹಿಡಿದು ಬಳ್ಳಿ ಕೊಯ್ಯಲು ನಿಂತ. ಪಾಪ, ಬೆವರು ಸುರಿಸಿ ಕೊಯ್ದ. ಅವನು ಈ ಕಡೆ ಕೊಯ್ಯುತ್ತಿದ್ದರೆ ಆ ಕಡೆ ಕೋಲು ಬಡಿಯುತ್ತಿತ್ತು, ಗುದ್ದಲಿ ಏಳುತ್ತಿತ್ತು, ಬುಡಕ್ಕೆ ಮಣ್ಣು ಬೀಳುತ್ತಿತ್ತು. ಕೊಯ್ದಲ್ಲೆಲ್ಲ ಮತ್ತೆ ಚಿಗುರಿತು.

ಆ ವರ್ಷ ದೊಡ್ಡ ಮಳೆಯೇನೂ ಬರಲಿಲ್ಲ. ಹಳ್ಳದಲ್ಲಿ ಮೊಣಕಾಲುದ್ದ ನೀರು. ಅಷ್ಟಕ್ಕೇ ಗೋಡೆ ಕುಸಿದು ಕೂತುಬಿಟ್ಟಿತು. ಒಲೆಯ ಮುಂದೆ ಕೂತಿದ್ದ ಕಟ್ಟುವವನ ಹೆಂಡತಿಯ ಮೇಲೆ ಕೂತಿತು. ಅವತ್ತು ಯಾರೂ ಮೂರು ಸಲ ಬಡಿಯಲಿಲ್ಲ. ಆದರೂ ಅವಳ ತಮ್ಮ ಅಳುತ್ತ ಅಳುತ್ತ ಅಗೆದ. ಅವಳು ಸಿಗುವಷ್ಟರಲ್ಲಿ ಹೊತ್ತು ಮೀರಿತ್ತು.

ಗುರುಗಳು ಕಥೆ ಅಲ್ಲಿಗೆ ಮುಗಿಸಿದರು.

ಫಕೀರಪ್ಪನಿಗೆ ತಡೆಯಲಾಗಲಿಲ್ಲ. "ಎಂಥ ದಡ್ಡ ಮುಂಡೇದು! ಹೆಂಡತಿ ಕೈ ಮುಗಿದು ಹೇಳಿದಳಲ್ಲ! ಬಳ್ಳಿ ಕೊಯ್ಯುವುದು ಸರಿಯೇ, ಅದರ ಜೊತೆಗೆ ಆ ಮೈದುನನ ಕೈಯನ್ನೂ ಹಿಡಿದಿದ್ದರೆ ಅವಳು ಬದುಕುತ್ತಿದ್ದಳೋ ಏನೋ. ಅಷ್ಟೂ ಹೊಳೆಯಲಿಲ್ಲವೇ ಅವನಿಗೆ?"

ಗುರುಗಳು ಅವನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಹೊಳೆಯಲಿಲ್ಲ ಕಣಪ್ಪಾ, ಮೈದುನ ನಮ್ಮವನು, ಅವನದೇನು ತಪ್ಪು ಅಂದುಬಿಟ್ಟ."