ಸಿಂಪಿಗಕ್ಕೆ ಬಂದ ಕೌದಿ

ಕಾಡಿನ ಹಕ್ಕಿಗಳು ವರ್ಷಕ್ಕೊಮ್ಮೆ ತಾವೇ ಹೊಲಿದದ್ದನ್ನು ಒಂದಕ್ಕೊಂದು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದವು. ಆ ವರ್ಷ ಚೀಟಿ ಎತ್ತಿದಾಗ ಕಾಗೆಗೆ ಜೊತೆಯಾದದ್ದು ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ ಹಕ್ಕಿ. ಸಿಂಪಿಗ ಕಳಿಸಿದ ಚೀಲ ಮೊದಲೇ ಬಂತು. ಅದರಲ್ಲಿ ಹೊಲಿಗೆ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಕಾಗೆ ತಾನು ಹೊಲಿದ ಕೌದಿಯನ್ನು ರೆಕ್ಕೆಯಡಿ ಬಚ್ಚಿಟ್ಟುಕೊಂಡಿತು.

ಅಂಚೆಯ ಪಾರಿವಾಳ ಬಂದು ಕೇಳಿತು: "ಎಲ್ಲಿ, ನಿನ್ನ ಪೊಟ್ಟಣ?"

"ನನ್ನದು ಸೊಟ್ಟ ಹೊಲಿಗೆ, ಮಾರಾಯ. ಅಂಥ ಕಸುಬುದಾರನಿಗೆ ಇದನ್ನು ಕಳಿಸಿ ನಗೆಪಾಟಲಾಗಲೇ?"

"ಹೋದ ವರ್ಷ ಗುಬ್ಬಿಯೂ ಹೀಗೇ ಅಂದಿತು. ಅದರ ಹಿಂದಿನ ವರ್ಷ ಮೈನಾ. ಸಿಂಪಿಗದ ಮನೆಗೆ ನಾನು ಈವರೆಗೆ ಒಂದು ಪೊಟ್ಟಣವನ್ನೂ ಒಯ್ದಿಲ್ಲ. ಆದರೂ ನನ್ನನ್ನು ಕಂಡಾಗಲೆಲ್ಲ ಅದು ಬಾಗಿಲಿಗೆ ಓಡಿ ಬರುತ್ತದೆ."

ಕಾಗೆ ಕೌದಿಯನ್ನು ಹೊರತೆಗೆದು ಮಡಚಿ ಕೊಟ್ಟಿತು.

ಸಿಂಪಿಗ ಕೌದಿಯನ್ನು ಹರವಿ, ಆ ಸೊಟ್ಟ ಸಾಲುಗಳ ಮೇಲೆ ಮೆಲ್ಲಗೆ ಕೊಕ್ಕಾಡಿಸಿತು. "ಇಲ್ಲಿ ದಾರ ಕಡಿದಿದೆ, ಗಂಟು ಹಾಕಿದ್ದಾನೆ. ಇಲ್ಲಿ ಬಿಚ್ಚಿ ಮತ್ತೆ ಹೊಲಿದಿದ್ದಾನೆ. ಕಾಗೆಯಣ್ಣ ನನಗಾಗಿ ಎಷ್ಟು ಹೊತ್ತು ಕೂತಿದ್ದಾನೆ ನೋಡು!"

"ಸೊಟ್ಟಗಿದ್ದದ್ದನ್ನು ನೀನೇ ತಿದ್ದಿಕೊಳ್ಳಬಹುದಲ್ಲ?" ಎಂದಿತು ಪಾರಿವಾಳ.

"ತಿದ್ದುವುದೇ? ನಾನು ಎಲ್ಲರಿಗೂ ಹೊಲಿದಿದ್ದೇನೆ. ನನಗೆಂದು ಒಬ್ಬರು ಹೊಲಿದದ್ದು ಇದೇ ಮೊದಲು" ಎಂದು ಸಿಂಪಿಗ ಅದನ್ನು ಕತ್ತಿನವರೆಗೂ ಹೊದ್ದುಕೊಂಡಿತು.