ಈರಕ್ಕನ ಹಾಸು, ನಾಯಕನ ಮೀಸೆ

"ಆ ಹೆಂಗಸಿನ ಮಡಕೆಗೆ ಒಂದೇ ಒಂದು ಹೊಂಗೆಬೀಜ ಬಿದ್ದರೂ ಸರಿ, ಈ ಮೀಸೆ ಬೋಳಿಸಿಕೊಳ್ಳುತ್ತೇನೆ!"

ಹೊಂಬಾಳೆಪುರದ ಅರಸನ ಓಲಗದಲ್ಲಿ ಹೀಗೆಂದು ಮೀಸೆ ತಿರುವಿದವನು ದಳವಾಯಿ ಭುಜಂಗನಾಯಕ. ಆ ಹೆಂಗಸು ಎಂದರೆ ಬಟ್ಟೆಗೆ ಬಣ್ಣ ಹಾಕುವ ಈರಕ್ಕ. ಪಾಪ, ಕಂಬದ ಮರೆಯಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದಳು.

ಸಂಗತಿ ಇಷ್ಟೆ. ಅರಸನಿಗೆ ಪಗಡೆ ಬೇಸರ ಬಂದಿತ್ತು. ನವರಾತ್ರಿಗೆ ಅರಮನೆಯಲ್ಲಿ ಹೊಸ ಆಟ ಬೇಕು, ಯಾವುದೆಂದು ಊರೇ ಆರಿಸಲಿ ಎಂದು ಡಂಗುರ ಹೊಡೆಸಿದ. ಮನೆಗೊಂದು ಅರಿಸಿನ ಬಳಿದ ಹೊಂಗೆಬೀಜ. ಮೆಚ್ಚಿದ ಆಟದ ಮಡಕೆಗೆ ಅದನ್ನು ಹಾಕಬೇಕು.

ಯುದ್ಧವಿಲ್ಲದೆ ಕೈಕಟ್ಟಿ ಕುಳಿತಿದ್ದ ದಳವಾಯಿಗೆ ಇದನ್ನಾದರೂ ಗೆಲ್ಲಬೇಕಿತ್ತು. ಬೆಳ್ಳಿಯ ಮಣೆ, ದಂತದ ಕಾಯಿ ಮಾಡಿಸಿದ. ಆಡುವುದು ಹೇಗೆಂಬುದು ಮಾತ್ರ ಅವನಿಗೂ ಪೂರ್ತಿ ತಿಳಿದಿರಲಿಲ್ಲ. ಅವನಿಗೆ ಎದುರಾಗಿ ಬಂದದ್ದು ಈರಕ್ಕನದೊಂದೇ, ಕಳ್ಳ-ತಳವಾರ ಆಟ. ತೀರಿಹೋದ ಗಂಡನ ಪಂಚೆಗಳನ್ನು ಹರಿದು, ಮೇಲೆ ಓಣಿ, ಸಂದಿ, ಹಿತ್ತಿಲು, ಬಾವಿ ಬರೆದು ಹತ್ತಾರು ಹಾಸು ಮಾಡಿದ್ದಳು. ಒಬ್ಬ ತಳವಾರ, ಉಳಿದವರೆಲ್ಲ ಕಳ್ಳರು. ಅವರು ನುಸುಳಬೇಕು, ಇವನು ಹಿಡಿಯಬೇಕು.

"ಸೋತರೆ ಆ ಚಿಂದಿಗಳು ಆನೆಲಾಯ ಒರೆಸಲಿಕ್ಕೆ. ಅವಳು ಮತ್ತೆ ಕುಂಚ ಮುಟ್ಟಕೂಡದು" ಎಂದ ನಾಯಕ. ಅರಸ ಯಾವುದೋ ಗುಂಗಿನಲ್ಲಿ ಹೂಂ ಅಂದುಬಿಟ್ಟ.

ಮಾರನೆಯ ದಿನದಿಂದ ನಾಯಕ ಕೇರಿಕೇರಿಗೂ ಹೋಳಿಗೆ ಊಟ ಹಾಕಿಸಿದ. ಉಂಡವರೆಲ್ಲ ವೀಳ್ಯ ಮುಟ್ಟಿ, "ನಿಮ್ಮ ಮಡಕೆ ಬಿಟ್ಟು ಇನ್ನೊಂದಕ್ಕೆ ಹಾಕೆವು" ಎಂದು ಮಾತು ಕೊಟ್ಟರು. ವೀಳ್ಯ ಮುಟ್ಟಿ ಕೊಟ್ಟ ಮಾತು ತಪ್ಪುವ ಊರಲ್ಲ ಅದು.

ಈರಕ್ಕ ಅಳುತ್ತ ಓಲಗದ ವಿಕಟಕವಿ ಕೋನೇರಿಯ ಮನೆಗೆ ಹೋದಳು. ಅವನ ಬಾಯಿ ಆಗಲೇ ಕೆಂಪಗಿತ್ತು.

"ಅಯ್ಯೋ, ನೀವೂ ವೀಳ್ಯ ಮುಟ್ಟಿದ್ರಾ?"

"ಮುಟ್ಟಿದೆ ತಾಯಿ. ಹೋಳಿಗೆ ಮೇಲೆ ತುಪ್ಪ ಬೇರೆ ಸುರಿದ್ರು."

"ಹಂಗಾದ್ರೆ ನನ್ನ ಕತೆ ಮುಗೀತು."

"ಮುಗಿಯೋ ಕತೆಗೆ ಯಾರಾದ್ರೂ ತುಪ್ಪ ಹಾಕ್ತಾರಾ? ನಾಡಿದ್ದು ಬೀಜ ಹಾಕೋ ದಿನ ಎಲ್ಲ ಹಾಸೂ ಹೊತ್ಕೊಂಡು ಅರಮನೆ ಅಂಗಳಕ್ಕೆ ಬಾ. ಕಾಯಿ ಮಾತ್ರ ಒಂದೂ ತರಬೇಡ."

"ಕಾಯಿ ಇಲ್ದೆ ಆಟ ಹೆಂಗೆ?"

"ಅದನ್ನ ಊರವರು ನೋಡ್ಕೋತಾರೆ ಬಿಡು."

ಆ ದಿನ ಬಂತು. ಜನ ಬೀಜ ಹಿಡಿದು ಸಾಲಾಗಿ ನಿಂತರು. ಕೋನೇರಿ ಏನೂ ಅರಿಯದವನಂತೆ, "ಪ್ರಭು, ಮೊದಲ ವೀಳ್ಯ ಯಾರಿಗೆ ಕೊಟ್ಟು ಶುರು ಮಾಡೋಣ?" ಎಂದ.

"ಇನ್ಯಾರಿಗೆ, ಊರ ಹಿರಿಯನಿಗೆ!" ಎಂದ ನಾಯಕ.

ಮೇಲುಕೇರಿಯ ಯಜಮಾನ ಮುಂದೆ ಬಂದ. ಕೆಳಕೇರಿಯ ಯಜಮಾನನೂ ಬಂದ.

"ನಮ್ಮಜ್ಜನ ಕಾಲದಿಂದ ಮೊದಲ ವೀಳ್ಯ ನಮ್ಮದು!"

"ನಿಮ್ಮಜ್ಜ ಹುಟ್ಟೋ ಮುಂಚೆ ಅದು ನಮ್ಮ ಮನೇಲಿತ್ತು!"

ಈ ಊರಲ್ಲಿ ಮದುವೆಯ ಮುಹೂರ್ತಗಳೇ ಈ ಜಗಳದಲ್ಲಿ ಮೀರಿಹೋಗಿದ್ದವು. ಮಡಕೆಯ ಪಾಡೇನು? ಸಾಲು ನಿಂತಲ್ಲೇ ನಿಂತಿತು. ಬಿಸಿಲು ಏರಿತು. ಜನ ಒಬ್ಬೊಬ್ಬರಾಗಿ ಬೇವಿನ ನೆರಳಿಗೆ ಸರಿದು ಕುಕ್ಕರಿಸಿದರು. ಈರಕ್ಕ ಅಲ್ಲಿಯೇ ಹಾಸು ಬಿಚ್ಚಿದಳು.

ಬಳೆಗಾರ ಗುರುಬಸ್ಸ ಬಗ್ಗಿ ನೋಡಿದ. "ಕಾಯಿ ಎಲ್ಲಿ ಈರಕ್ಕ?"

"ತಂದಿಲ್ಲಪ್ಪ."

ಗುರುಬಸ್ಸ ತನ್ನ ಅಂಗೈಯ ಬೀಜ ನೋಡಿಕೊಂಡ. "ಸಾಲು ಕದಲೋ ತನಕ ತಾನೆ," ಎನ್ನುತ್ತ ಅದನ್ನು ಹಾಸಿನ ಮೂಲೆಗಿಟ್ಟ. ಅವನ ಹಿಂದಿನವನೂ ಇಟ್ಟ. ಸ್ವಲ್ಪ ಹೊತ್ತಿಗೆ ನೆರಳೆಲ್ಲ "ಹಿಡಿ, ಹಿಡಿ!" "ಓಡೋ, ಹಿತ್ತಿಲಿಗೆ ಓಡೋ!" ಎಂಬ ಗದ್ದಲ.

ಗದ್ದಲ ಕೇಳಿ ನಾಯಕ ಕೆಂಡವಾಗಿ ಬಂದ. "ಏಳ್ರೋ! ಹೋಳಿಗೆ ತಿಂದು..." ಎನ್ನುತ್ತಿದ್ದವನ ಕಣ್ಣು ಹಾಸಿನ ಮೇಲೆ ಬಿತ್ತು. "ಥೂ ದಡ್ಡ, ತಳವಾರ ಅಲ್ಲಿ ನಿಂತರೆ ಕಳ್ಳ ಬಾವಿ ಕಡೆಯಿಂದ ಜಾರ್ತಾನೆ! ಸರಿ ಅತ್ತ. ದಂಡು ನಡೆಸಿದವನು ನಾನು!"

ಮೊದಲ ವೀಳ್ಯ ಇಬ್ಬರಿಗೂ ಒಟ್ಟಿಗೆ ಎಂದು ಅರಸ ತೀರ್ಪು ಕೊಡುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ನಗಾರಿ ಬಾರಿಸಿದರು. ಒಬ್ಬರೂ ಏಳಲಿಲ್ಲ. ತಮ್ಮ ಕೇರಿಯವರನ್ನು ಎಬ್ಬಿಸಲು ಹೋದ ಯಜಮಾನರಿಬ್ಬರೂ ಎದುರುಬದುರು ಕೂತುಬಿಟ್ಟರು.

ಹೊತ್ತು ಮುಳುಗಿತು, ದೀವಟಿಗೆ ಹಚ್ಚಿದರು. ಮಡಕೆ ಮಗುಚಿದರು. ನಾಯಕನ ಮಡಕೆಯಲ್ಲಿ ಒಂದೇ ಒಂದು ಬೀಜ. ಈರಕ್ಕನದು ಖಾಲಿ.

"ದಳವಾಯಿಗಳು ಗೆದ್ದರು!" ಎಂದು ಭಂಡಾರಿ ಕೂಗಿದ.

ಗಂಡನ ಪಂಚೆಗಳು ಆನೆಯ ಕಾಲಡಿಗೆ ಹೋದವಲ್ಲ ಎಂದು ಈರಕ್ಕನಿಗೆ ಅಳು ಉಕ್ಕಿ ಬಂತು.

"ಊರಿನ ಬೀಜವೆಲ್ಲ ಎಲ್ಲಿ ಹೋಯಿತು ಕೋನೇರಿ?" ಎಂದ ಅರಸ.

"ಅಲ್ಲಿವೆ ಪ್ರಭು." ಬೇವಿನ ಕೆಳಗೆ ಹಾಸುಹಾಸಿನಲ್ಲೂ ಅರಿಸಿನದ ಬೀಜ ಓಡಾಡುತ್ತಿದ್ದವು.

"ಮಡಕೆಯಲ್ಲಿದ್ದ ಈ ಒಂದು ಯಾರದು?"

"ನನ್ನದು. ಉಂಡ ಮನೆಗೆ ಎರಡು ಬಗೆಯಬಾರದಲ್ಲ."

"ಹಾಗಾದರೆ ನಾಯಕನ ಸ್ವಂತ ಬೀಜ?"

ಕೋನೇರಿ ಮರದ ಕಡೆ ಕೈ ತೋರಿದ. ಅರಸ ತಾನೇ ಎದ್ದುಹೋಗಿ ನೋಡಿದ. ನಾಯಕ ರುಮಾಲು ಕಳಚಿಟ್ಟು ಹಾಸಿನ ಮೇಲೆ ಬಾಗಿದ್ದ.

"ಯಾರೋ ಅದು, ಬೆಳಕಿಗೆ ಅಡ್ಡ?" ಎಂದ ತಲೆಯೆತ್ತದೆ.

"ನಾಯಕ, ಏಳು. ನೀನು ಗೆದ್ದೆ."

"ಎಲ್ಲಿ ಗೆದ್ದೆ? ಸಂದೀಲಿ ಇನ್ನೂ ಇಬ್ಬರು ಕಳ್ಳರಿದ್ದಾರೆ!"

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ, ನವರಾತ್ರಿಗೆ ಈರಕ್ಕನ ಆಟವೇ ಎಂದು ಸಾರಿ, ಕೊರಳ ಹಾರ ತೆಗೆದು ಅವಳಿಗೆ ಕೊಟ್ಟ. ಆ ಮಾತು ಕೇಳಿ ತಲೆಯೆತ್ತಿದ ನಾಯಕ ಗಾಬರಿಯಾಗಿ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ.

"ಹೆದರಬೇಡಿ ದಳವಾಯಿಗಳೇ" ಎಂದ ಕೋನೇರಿ. "ಈರಕ್ಕನ ಮಡಕೆಗೆ ಒಂದು ಬೀಜವೂ ಬಿದ್ದಿಲ್ಲ, ಮೀಸೆ ನಿಮ್ಮದೇ. ಜಾಗ ಮಾತ್ರ ಬಿಡಿ, ಪ್ರಭುಗಳು ಆಗಿನಿಂದ ಕಾಯುತ್ತಿದ್ದಾರೆ."